ಕೆಂಪು ಡೀಸೆಲ್ಲಿನ ನಾಡಿನಲ್ಲಿ

ನಮ್ಮ ಭೂಗೋಳದ ಪಾಠಗಳಲ್ಲಿ ಅಮೆರಿಕದ ಅಯೋವಾ ರಾಜ್ಯ ‘ಮೆಕ್ಕೆಜೋಳದ ವಲಯ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಪೂರ್ವಕ್ಕೆ ಮಿಸಿಸಿಪಿ, ಪಶ್ಚಿಮಕ್ಕೆ ಮಿಸ್ಸೂರಿ, ಈ ಎರಡು ಮಹಾನದಿಗಳ ನಡುವೆ ಹಾಸಿದ ಕಪ್ಪು ಮಣ್ಣಿನ ಚಾಪೆ ಅದು. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮುಕ್ಕಾಲು ಪಾಲು. ಜನಸಂಖ್ಯೆ ಸುಮಾರು 32 ಲಕ್ಷ ಮಾತ್ರ. ನಯಾಗರಾದಂಥ ಜಲಪಾತವಾಗಲಿ, ನ್ಯೂಯಾರ್ಕಿನಂಥ ಗಗನಚುಂಬಿಗಳಾಗಲಿ ಇಲ್ಲದ್ದರಿಂದ ಪ್ರವಾಸಿಗರ ಪಟ್ಟಿಯಲ್ಲಿ ಅದರ ಹೆಸರು ಬರುವುದು ಅಪರೂಪ. ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಹೋದ ನನ್ನಂಥ ವಿಜ್ಞಾನದ ಮೇಷ್ಟರಿಗೆ ಮಾತ್ರ ಅಲ್ಲಿ ನೋಡತಕ್ಕ ವಸ್ತುವೊಂದು ಸಿಕ್ಕಿತು. ಅದು ಕೆಂಪು ಬಣ್ಣದ ಡೀಸೆಲ್.

ಡೀಸೆಲ್ಲಿಗೂ ಬಣ್ಣವೆ ಎನ್ನಬೇಡಿ. ಪುನರ್ಪುಳಿ ಪಾನಕವನ್ನು ನೆನಪಿಸುವ ಈ ಕೆಂಪು, ತೆರಿಗೆ ಕಟ್ಟದ ಡೀಸೆಲ್ಲಿನ ಗುರುತು. ಹೊಲ ಉಳುವ ಟ್ರ್ಯಾಕ್ಟರಿಗೆ, ಕಟಾವು ಯಂತ್ರಕ್ಕೆ, ಜನರೇಟರಿಗೆ, ಮಣ್ಣು ಅಗೆಯುವ ಯಂತ್ರಕ್ಕೆ ಅದನ್ನು ಹಾಕಬಹುದು. ಹೆದ್ದಾರಿಯಲ್ಲಿ ಓಡುವ ಲಾರಿಗೆ ಹಾಕಿದರೆ ದಂಡ. ಎಣ್ಣೆ ಅದೇ, ಉರಿಯುವ ಬಗೆಯೂ ಅದೇ. ಹಾಗಿದ್ದರೆ ಈ ಭೇದ ಏಕೆ? ಉತ್ತರ ಬೇಕಾದರೆ ಶಿಕಾಗೋ ವಿಮಾನ ನಿಲ್ದಾಣದಿಂದ ಹೊರಟ ನಮ್ಮ ಕಾರಿನಲ್ಲಿ ನೀವೂ ಕುಳಿತುಕೊಳ್ಳಿ.

ರಸ್ತೆ ಮುರಿದು ಪಾಠ ಕಲಿತ ಊರು

ಶಿಕಾಗೋದ ದಕ್ಷಿಣದ ಅಂಚಿನಿಂದ ಪಶ್ಚಿಮಕ್ಕೆ ಸಾಗುವ 80ನೇ ನಂಬರಿನ ಅಂತರರಾಜ್ಯ ಹೆದ್ದಾರಿ ಅಯೋವಾವನ್ನು ಅಡ್ಡಲಾಗಿ ದಾಟಿ ಹೋಗುತ್ತದೆ. ಸುಮಾರು ಒಂದೂವರೆ ಗಂಟೆಯ ಪ್ರಯಾಣದ ನಂತರ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಪುಟ್ಟ ಊರಿನ ಫಲಕ ಕಾಣುತ್ತದೆ. ಕೆನಡಾದ ರಾಜಧಾನಿಯ ಹೆಸರೇ, ಊರು ಬೇರೆ. ಯಾರೂ ಇಲ್ಲಿ ಇಳಿಯುವುದಿಲ್ಲ. ಆದರೆ ಜಗತ್ತಿನ ರಸ್ತೆ ಎಂಜಿನಿಯರುಗಳಿಗೆಲ್ಲ ಇದೊಂದು ಪ್ರಸಿದ್ಧ ಸ್ಥಳ.

1950ರ ದಶಕದ ಕೊನೆಯಲ್ಲಿ ಇಲ್ಲಿ ಕುಣಿಕೆಯಾಕಾರದ ಪರೀಕ್ಷಾ ರಸ್ತೆಗಳನ್ನು ಕಟ್ಟಿದರು. ಒಂದು ಕಡೆ ಡಾಂಬರು, ಇನ್ನೊಂದು ಕಡೆ ಕಾಂಕ್ರೀಟು. ಒಂದು ತೆಳು, ಒಂದು ದಪ್ಪ. 1958ರಿಂದ 1960ರವರೆಗೆ ಸೈನಿಕರು ಹೊರೆ ಹೇರಿದ ಲಾರಿಗಳನ್ನು ಅದೇ ಕುಣಿಕೆಗಳಲ್ಲಿ ಗಾಣದೆತ್ತಿನಂತೆ ಸುತ್ತಿಸಿದರು. ರಸ್ತೆ ಬಿರುಕು ಬಿಡುವವರೆಗೆ, ಕುಸಿಯುವವರೆಗೆ ಸುತ್ತು ನಿಲ್ಲಲಿಲ್ಲ. ಲಾರಿಯ ಅಚ್ಚುಗಳು ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಹಾದುಹೋದವು. ಆಮೇಲೆ ಆ ಜಾಗದಲ್ಲೇ ನಾವು ಹೋಗುತ್ತಿದ್ದ ಹೆದ್ದಾರಿ ಬಂತು.

ಆ ಪರೀಕ್ಷೆಯಿಂದ ಹೊರಬಿದ್ದ ಲೆಕ್ಕವನ್ನು ‘ನಾಲ್ಕನೇ ಘಾತದ ನಿಯಮ’ ಎನ್ನುತ್ತಾರೆ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಸವೆತ ಎರಡು ಪಟ್ಟಾಗುವುದಿಲ್ಲ, ಸುಮಾರು ಹದಿನಾರು ಪಟ್ಟಾಗುತ್ತದೆ. ಒಂದು ಟನ್ ಭಾರದ ಕಾರಿನ ಅಚ್ಚನ್ನೂ ಎಂಟು ಟನ್ ಭಾರದ ಲಾರಿಯ ಅಚ್ಚನ್ನೂ ಪಕ್ಕಪಕ್ಕ ಇಟ್ಟು 8×8×8×8 ಎಂದು ಗುಣಿಸಿ ನೋಡಿ. ಉತ್ತರ 4,096. ಇದು ಒರಟು ಲೆಕ್ಕವೇ ಸರಿ; ಮಣ್ಣು, ಮಳೆ, ರಸ್ತೆಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ. ಆದರೂ ರಸ್ತೆಯನ್ನು ಸವೆಸುವವರು ಯಾರು ಎಂಬುದು ಇದರಿಂದ ಸ್ಪಷ್ಟ. ಸವೆಸುವವರೇ ರಿಪೇರಿಯ ಖರ್ಚನ್ನು ಹೊರಬೇಕಲ್ಲವೆ?

ಅಮೆರಿಕ 1956ರಲ್ಲಿ ಅಂಥದೊಂದು ಏರ್ಪಾಡು ಮಾಡಿಕೊಂಡಿತು. ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ ಅಂತರರಾಜ್ಯ ಹೆದ್ದಾರಿಗಳ ಜಾಲಕ್ಕೆ ಕಾಯ್ದೆ ಬಂದಾಗ ಅದರ ಜೊತೆಯಲ್ಲೇ ಹೆದ್ದಾರಿ ನಿಧಿಯೂ ಹುಟ್ಟಿತು. ವಾಹನಗಳ ಇಂಧನದ ಮೇಲೆ ಕೇಂದ್ರ ಸರ್ಕಾರ ತೆರಿಗೆ ಹಾಕುವುದು, ಆ ಹಣವನ್ನು ನಿಧಿಗೆ ಜಮಾ ಮಾಡುವುದು, ನಿಧಿಯಿಂದ ರಸ್ತೆ ಕಟ್ಟುವುದು. ಹೆಚ್ಚು ಓಡಿದವರು ಹೆಚ್ಚು ಎಣ್ಣೆ ಸುಡುತ್ತಾರೆ, ಹೆಚ್ಚು ತೆರಿಗೆ ಕೊಡುತ್ತಾರೆ. ಮೀಟರು ಬೇಡ, ಗುಮಾಸ್ತರು ಬೇಡ, ಇಂಧನದ ಟ್ಯಾಂಕೇ ಮೀಟರು.

ಲಾರಿಗಳ ಸಂತೆ

ಮಿಸಿಸಿಪಿಯ ದೊಡ್ಡ ಸೇತುವೆ ದಾಟಿದರೆ ಅಯೋವಾ. ಸ್ವಲ್ಪ ದೂರದಲ್ಲೇ ವಾಲ್ಕಾಟ್ ಎಂಬ ಊರಿನ ಬಳಿ ‘ಅಯೋವಾ 80’ ಇದೆ. 1964ರಲ್ಲಿ ಶುರುವಾದ ಇದು ಜಗತ್ತಿನಲ್ಲೇ ಅತಿ ದೊಡ್ಡ ಲಾರಿ ತಂಗುದಾಣ ಎಂದು ತನ್ನನ್ನು ಕರೆದುಕೊಳ್ಳುತ್ತದೆ. ಸುಮಾರು ಒಂಬತ್ತು ನೂರು ಲಾರಿಗಳು ಏಕಕಾಲಕ್ಕೆ ನಿಲ್ಲಬಹುದು. ಊಟದ ಮನೆ, ಸ್ನಾನದ ಮನೆ, ಕ್ಷೌರದಂಗಡಿ ಎಲ್ಲ ಇವೆ; ಹಲ್ಲುನೋವಿನ ಚಾಲಕನಿಗೆ ದಂತವೈದ್ಯರೂ ಇದ್ದಾರೆ. ಹಳೆಯ ಲಾರಿಗಳ ವಸ್ತುಸಂಗ್ರಹಾಲಯವೂ ಉಂಟು. ನಮ್ಮ ತುಮಕೂರು ರಸ್ತೆಯ ಡಾಬಾಗಳನ್ನೆಲ್ಲ ಒಂದೇ ಕಡೆ ಜೋಡಿಸಿ, ಗುಡಿಸಿ ಒರೆಸಿ ಇಟ್ಟರೆ ಹೇಗಿರಬಹುದೋ ಹಾಗೆ!

ಕಾಫಿ ಕುಡಿಯುತ್ತಾ ನಿಂತಾಗ ಪಂಜಾಬಿನ ಸರ್ದಾರ್ಜಿಯೊಬ್ಬರು ಹಿಂದಿಯಲ್ಲಿ ಮಾತಿಗಿಳಿದರು. ಕ್ಯಾಲಿಫೋರ್ನಿಯಾದಿಂದ ಸರಕು ತಂದಿದ್ದರಂತೆ. ನಾನು ಮೇಷ್ಟರೆಂದು ತಿಳಿದ ಮೇಲೆ ಲೆಕ್ಕ ಒಪ್ಪಿಸುವ ವಿದ್ಯಾರ್ಥಿಯಂತೆ ಎಲ್ಲವನ್ನೂ ಹೇಳಿದರು. ಅವರ ಲಾರಿ ಒಂದು ಗ್ಯಾಲನ್ ಡೀಸೆಲ್ಲಿಗೆ ಆರೂವರೆ ಮೈಲಿ ಓಡುತ್ತದೆ. ವರ್ಷಕ್ಕೆ ಒಂದು ಲಕ್ಷ ಮೈಲಿ. ಅಂದರೆ ಸುಮಾರು 15,000 ಗ್ಯಾಲನ್. (ಅಮೆರಿಕದ ಒಂದು ಗ್ಯಾಲನ್ ಎಂದರೆ 3.785 ಲೀಟರ್.)

ಡೀಸೆಲ್ಲಿನ ಮೇಲೆ ಕೇಂದ್ರದ ತೆರಿಗೆ ಗ್ಯಾಲನ್‌ಗೆ 24.4 ಸೆಂಟ್. 15,000 ಗ್ಯಾಲನ್‌ಗೆ 3,660 ಡಾಲರ್ ಆಯಿತು. ಇದಲ್ಲದೆ ಪ್ರತಿ ರಾಜ್ಯದ ತೆರಿಗೆ ಬೇರೆ. ಅಯೋವಾ 2015ರಲ್ಲಿ ನಿಗದಿ ಮಾಡಿದ ದರ ಡೀಸೆಲ್ಲಿಗೆ 32.5 ಸೆಂಟ್. ಆ ದರದಲ್ಲಿ ಲಾರಿ ಅಯೋವಾದೊಳಗೇ ಓಡಿತೆಂದು ಇಟ್ಟುಕೊಂಡರೆ ಎರಡೂ ಸೇರಿ ವರ್ಷಕ್ಕೆ 8,535 ಡಾಲರ್. ಒಂದೇ ಒಂದು ಲಾರಿಯಿಂದ! ಈಗ ಅದೇ ಲಾರಿ ಕೆಂಪು ಡೀಸೆಲ್ ಕುಡಿದರೆ? ರಸ್ತೆ ಅಷ್ಟೇ ಸವೆಯುತ್ತದೆ, ರಸ್ತೆಯ ನಿಧಿಗೆ ಬರುವುದು ಮಾತ್ರ ಸೊನ್ನೆ.

‘ಆಸೆ ಯಾರಿಗೂ ಹುಟ್ಟುವುದಿಲ್ಲವೆ?’ ಎಂದು ಕೇಳಿದೆ. ಸರ್ದಾರ್ಜಿ ನಕ್ಕು ತಮ್ಮ ಲಾರಿಯ ಎರಡು ಬದಿಯ ಟ್ಯಾಂಕುಗಳನ್ನು ತಟ್ಟಿದರು. ‘ಮಾಸ್ಟರ್‌ಜೀ, ಎರಡರಲ್ಲೂ ಸೇರಿ ಮುನ್ನೂರು ಗ್ಯಾಲನ್. ಎಲ್ಲಾದರೂ ಅಧಿಕಾರಿ ತಡೆದು ಕೊಳವೆ ಇಳಿಸಿ ನೋಡಿದರೆ ಆಯಿತು, ಬಣ್ಣವೇ ಸಾಕ್ಷಿ ಹೇಳುತ್ತದೆ’ ಎಂದರು. ಕೇಂದ್ರದ ಕಾಯ್ದೆಯ ಪ್ರಕಾರ ದಂಡ ಒಂದು ಸಾವಿರ ಡಾಲರ್, ಅಥವಾ ಗ್ಯಾಲನ್‌ಗೆ ಹತ್ತು ಡಾಲರ್, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಮುನ್ನೂರು ಗ್ಯಾಲನ್‌ಗೆ ಮೂರು ಸಾವಿರ ಡಾಲರ್. ಉಳಿಯುವ ತೆರಿಗೆಯಾದರೋ ಸುಮಾರು 170 ಡಾಲರ್. ಮತ್ತೆ ಸಿಕ್ಕಿಬಿದ್ದರೆ ದಂಡ ಇನ್ನೂ ಏರುತ್ತದೆ.

ಹೊಲದ ಮನೆಯ ಎರಡು ಟ್ಯಾಂಕು

ಮಗಳ ಸಹೋದ್ಯೋಗಿಯೊಬ್ಬರ ತಂದೆ ಏಮ್ಸ್ ಪಟ್ಟಣದ ಉತ್ತರಕ್ಕೆ ಬೇಸಾಯ ಮಾಡುತ್ತಾರೆ. ಮೇ ತಿಂಗಳ ಮೊದಲ ವಾರ ಅವರ ಹೊಲಕ್ಕೆ ಹೋಗುವ ಅವಕಾಶ ಸಿಕ್ಕಿತು. ಅಲ್ಲಿಯ ನೆಲವನ್ನು ಚದುರಂಗದ ಮಣೆಯಂತೆ ಒಂದೊಂದು ಚದರ ಮೈಲಿಯ ಮನೆಗಳಾಗಿ ಅಳೆದಿದ್ದಾರೆ. ಒಂದು ಮನೆ ಎಂದರೆ 640 ಎಕರೆ. ಹೆಚ್ಚುಕಡಿಮೆ ಪ್ರತಿ ಮೈಲಿಗೊಂದು ರಸ್ತೆ, ನೂಲು ಹಿಡಿದು ಎಳೆದಂತೆ ನೇರ. ಡಾಂಬರು ಕಾಣುವುದು ಮುಖ್ಯ ದಾರಿಗಳಲ್ಲಿ ಮಾತ್ರ. ಉಳಿದವು ಬಿಳಿಯ ಜಲ್ಲಿ ರಸ್ತೆಗಳು. ಕಾರಿನ ಹಿಂದೆ ಏಳುವ ಧೂಳನ್ನು ನೋಡಿದಾಗ ಚಳ್ಳಕೆರೆಯ ಕಡೆಯ ದಾರಿಗಳು ನೆನಪಾದವು.

ಬಿತ್ತನೆಯ ಭರಾಟೆಯ ದಿನಗಳು. ಒಮ್ಮೆಗೇ ಇಪ್ಪತ್ತನಾಲ್ಕು ಸಾಲು ಬಿತ್ತುವ ಯಂತ್ರವನ್ನು ಎಳೆಯುತ್ತಾ ಆನೆಯಂಥ ಟ್ರ್ಯಾಕ್ಟರ್ ದಿಗಂತದ ಕಡೆ ಹೋಗಿ ಚುಕ್ಕೆಯಾಗಿ, ಮತ್ತೆ ಆನೆಯಾಗಿ ಹಿಂದಿರುಗುತ್ತಿತ್ತು. ಕೊಟ್ಟಿಗೆಯ ಪಕ್ಕದಲ್ಲಿ ಎರಡು ಟ್ಯಾಂಕುಗಳು. ದೊಡ್ಡದರ ಮೇಲೆ ಎಚ್ಚರಿಕೆಯ ಚೀಟಿ: ಇದು ಬಣ್ಣ ಹಾಕಿದ ಡೀಸೆಲ್, ತೆರಿಗೆ ಇಲ್ಲದ ಬಳಕೆಗೆ ಮಾತ್ರ, ತಪ್ಪಿದರೆ ದಂಡ. ಚಿಕ್ಕದರಲ್ಲಿ ತೆರಿಗೆ ಕಟ್ಟಿದ, ಬಣ್ಣವಿಲ್ಲದ ಡೀಸೆಲ್. ಟ್ರ್ಯಾಕ್ಟರಿಗೆ ಮೊದಲನೆಯದು, ಕಾಳು ಸಾಗಿಸುವ ಲಾರಿಗೂ ಪಿಕಪ್ ಗಾಡಿಗೂ ಎರಡನೆಯದು. ಟ್ರ್ಯಾಕ್ಟರ್ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ರಸ್ತೆ ಹತ್ತಿದರೆ ಅಡ್ಡಿಯಿಲ್ಲ. ಹೆದ್ದಾರಿ ಓಡಾಟಕ್ಕೆಂದು ನೋಂದಣಿಯಾದ ವಾಹನಕ್ಕೆ ಮಾತ್ರ ಕೆಂಪು ನಿಷಿದ್ಧ.

ಯಜಮಾನರು ಗಾಜಿನ ಸೀಸೆಯಲ್ಲಿ ಕೊಂಚ ಕೆಂಪು ಎಣ್ಣೆ ಹಿಡಿದು ತೋರಿಸಿದರು. ‘ನನ್ನ ಟ್ರ್ಯಾಕ್ಟರ್ ನನ್ನ ಹೊಲದಲ್ಲಿ ಓಡುತ್ತದೆ. ಅದಕ್ಕೆ ರಸ್ತೆಯ ತೆರಿಗೆ ಕೇಳಿದರೆ ಅನ್ಯಾಯ. ಆದರೆ ಇದನ್ನೇ ಲಾರಿಗೆ ಹಾಕಿಕೊಂಡರೆ ಇನ್ನಾರ ಗಂಟೂ ಹೋಗುವುದಿಲ್ಲ. ಅಗೋ, ಆ ಸೇತುವೆಯ ದುಡ್ಡನ್ನು ನಾನೇ ಕದ್ದಂತೆ’ ಎಂದು ಕೈ ತೋರಿಸಿದರು. ಹಳ್ಳದ ಮೇಲೆ ಹಳೆಯ ಸೇತುವೆ. ಇಷ್ಟು ಟನ್ನಿಗಿಂತ ಹೆಚ್ಚು ಭಾರ ಕೂಡದೆಂದು ಫಲಕ. ಸುಗ್ಗಿಯಲ್ಲಿ ತುಂಬಿದ ಕಾಳಿನ ಲಾರಿ ಅದನ್ನು ದಾಟುವಂತಿಲ್ಲ. ಆರು ಮೈಲಿ ಸುತ್ತು ಹಾಕಬೇಕು. ಸುತ್ತಿಗೂ ಡೀಸೆಲ್ ಬೇಕು, ಅದೂ ಬಣ್ಣವಿಲ್ಲದ್ದೇ.

ಲೀಟರಿಗೆ ಹನ್ನೊಂದು ಮಿಲಿಗ್ರಾಂ

ವಿದ್ಯಾರ್ಥಿಗಳಿಗೆ ಇಲ್ಲೊಂದು ರಸಾಯನ ಪಾಠ. ಹಾಕುವ ಬಣ್ಣದ ಹೆಸರು ‘ಸಾಲ್ವೆಂಟ್ ರೆಡ್ 164’. ಇದು ಆಜೋ ಬಣ್ಣಗಳ ಕುಟುಂಬದ್ದು. ಎರಡು ನೈಟ್ರೋಜನ್ ಪರಮಾಣುಗಳ ನಡುವಿನ ದ್ವಿಬಂಧ ಈ ಕುಟುಂಬದ ಗುರುತು. ಅಣುವಿನ ಬದಿಗಳಲ್ಲಿ ಹೈಡ್ರೋಕಾರ್ಬನ್ನಿನ ಬಾಲಗಳಿರುವುದರಿಂದ ಡೀಸೆಲ್ಲಿನಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆ ಎಣ್ಣೆಗೆ ಸೇರುತ್ತದೆ, ನೀರು ನೀರಿಗೆ ಎಂದು ಎಂಟನೇ ತರಗತಿಯಲ್ಲಿ ಹೇಳುತ್ತೇವಲ್ಲ, ಅದೇ ತತ್ತ್ವ. ನೀರು ಹಾಕಿ ಕುಲುಕಿದರೆ ಬಣ್ಣ ನೀರಿಗೆ ಇಳಿಯುವುದಿಲ್ಲ.

ಎಷ್ಟು ಬಣ್ಣ ಬೇಕು? ನಿಯಮ ಹೇಳುವುದು ಒಂದು ಸಾವಿರ ಬ್ಯಾರೆಲ್‌ಗೆ ಕನಿಷ್ಠ 3.9 ಪೌಂಡ್ ಮಾದರಿ ಬಣ್ಣಕ್ಕೆ ಸಮನಾದಷ್ಟು ಎಂದು. ನಮ್ಮ ಅಳತೆಗೆ ತಂದರೆ ಲೀಟರಿಗೆ ಸುಮಾರು 11 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ! ಅಷ್ಟರಿಂದಲೇ ಇಡೀ ಲೀಟರು ಕೆಂಪಾಗುತ್ತದೆ. ಬಣ್ಣವಿಲ್ಲದ ಡೀಸೆಲ್ ಬೆರೆಸಿ ತೆಳುಮಾಡಿದರೂ ಛಾಯೆ ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಕಡಿಮೆಯಾದರೆ ಪ್ರಯೋಗಾಲಯದ ಉಪಕರಣ ಪತ್ತೆ ಮಾಡುತ್ತದೆ.

ಈ ಬಣ್ಣ ಬರುವ ಮುಂಚೆ ಏನಾಗುತ್ತಿತ್ತು ಎಂಬುದು ಪತ್ತೇದಾರಿ ಕಥೆಯಂತಿದೆ. ಅಮೆರಿಕದ ಈಶಾನ್ಯದ ಚಳಿ ರಾಜ್ಯಗಳಲ್ಲಿ ಮನೆ ಬೆಚ್ಚಗಿಡಲು ಸುಡುವ ಎಣ್ಣೆಗೂ ಡೀಸೆಲ್ಲಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮನೆಯ ಎಣ್ಣೆಗೆ ರಸ್ತೆ ತೆರಿಗೆ ಇಲ್ಲ. ಅದನ್ನೇ ಡೀಸೆಲ್ ಎಂದು ಮಾರಿದರೆ ತೆರಿಗೆಯ ಹಣ ಮಾರಿದವರ ಜೇಬಿಗೆ. 1980ರ ದಶಕದಲ್ಲಿ ನ್ಯೂಯಾರ್ಕಿನ ಕಡೆ ಮಾಫಿಯಾದವರೂ ಇಂಧನ ತೆರಿಗೆಯ ವಂಚನೆಗೆ ಇಳಿದಿದ್ದರು. ಕಾಗದದ ಮೇಲೆ ಮಾತ್ರ ಇರುವ ಕಂಪನಿಗಳ ಸರಪಳಿ ಕಟ್ಟಿ, ಒಬ್ಬರಿಂದ ಒಬ್ಬರಿಗೆ ಎಣ್ಣೆ ಮಾರಿದಂತೆ ಬರೆದು, ತೆರಿಗೆ ಕಟ್ಟಬೇಕಾದ ಕಂಪನಿಯನ್ನು ರಾತ್ರೋರಾತ್ರಿ ಮಾಯ ಮಾಡುತ್ತಿದ್ದರು.

1993ರ ಕಾಯ್ದೆ ಎರಡು ಕೆಲಸ ಮಾಡಿತು. ಎಣ್ಣೆ ದೊಡ್ಡ ಡಿಪೋದಿಂದ ಟ್ಯಾಂಕರಿಗೆ ಇಳಿಯುವ ಜಾಗದಲ್ಲೇ ತೆರಿಗೆ ವಸೂಲಿ. ತೆರಿಗೆ ಇಲ್ಲದ ಎಣ್ಣೆಗೆ ಅಲ್ಲೇ ಬಣ್ಣ. 1994ರ ಆರಂಭದಿಂದ ಕೆಂಪು ಜಾರಿಗೆ ಬಂತು. ಇದರ ಪರಿಣಾಮವನ್ನು ಜಸ್ಟಿನ್ ಮೇರಿಯನ್ ಮತ್ತು ಎರಿಕ್ ಮ್ಯುಲೆಗ್ಗರ್ ಎಂಬ ಅರ್ಥಶಾಸ್ತ್ರಜ್ಞರು ಅಳೆದು 2008ರಲ್ಲಿ ಪ್ರಕಟಿಸಿದರು. ಬಣ್ಣ ಬಂದ ಮೇಲೆ ತೆರಿಗೆ ಕಟ್ಟಿದ ಡೀಸೆಲ್ಲಿನ ಮಾರಾಟ ಶೇಕಡಾ 26ರಷ್ಟು ಏರಿತ್ತು. ಮನೆ ಬೆಚ್ಚಗಿಡುವ ಎಣ್ಣೆಯ ಮಾರಾಟ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಬಣ್ಣ ಬಿದ್ದ ಕೂಡಲೇ ಲಾರಿಗಳು ಹೆಚ್ಚು ಓಡಲು ಶುರುಮಾಡಲಿಲ್ಲ, ಮನೆಗಳೂ ಬೆಚ್ಚಗಾಗಲಿಲ್ಲ. ಇಷ್ಟು ದಿನ ಮರೆಯಲ್ಲಿದ್ದ ಕಳವು ಬಯಲಾಯಿತು, ಅಷ್ಟೆ. ಅಲ್ಲಿಯವರೆಗೆ ಎಷ್ಟು ಮೈಲಿ ರಸ್ತೆಯ ಹಣ ಸೋರಿಹೋಗಿತ್ತೋ ಊಹಿಸಿಕೊಳ್ಳಿ.

ಬಣ್ಣದಿಂದ ಆಗದ ಕೆಲಸ

ಅಯೋವಾದ ಜನ ಈ ವಿಷಯದಲ್ಲಿ ಮೊದಲೇ ಬಿಗಿ. ವಾಹನಗಳ ಶುಲ್ಕ ಮತ್ತು ಇಂಧನ ತೆರಿಗೆಯನ್ನು ರಸ್ತೆಗಳಿಗೇ ಖರ್ಚು ಮಾಡತಕ್ಕದ್ದು, ಬೇರೆ ಯಾವುದಕ್ಕೂ ಅಲ್ಲ ಎಂದು 1942ರಲ್ಲೇ ತಮ್ಮ ರಾಜ್ಯದ ಸಂವಿಧಾನದಲ್ಲಿ ಬರೆದುಕೊಂಡಿದ್ದಾರೆ. ಆ ನಿಧಿಯನ್ನು ಹಂಚುವ ಸೂತ್ರವೂ ಕಾನೂನಿನಲ್ಲಿದೆ. ನೂರು ಡಾಲರ್ ಬಂದರೆ ರಾಜ್ಯದ ಮುಖ್ಯ ಹೆದ್ದಾರಿಗಳಿಗೆ ನಲವತ್ತೇಳೂವರೆ, ಕೌಂಟಿಗಳ ರಸ್ತೆಗೆ ಇಪ್ಪತ್ತನಾಲ್ಕೂವರೆ, ಹೊಲದಿಂದ ಪೇಟೆಗೆ ಹೋಗುವ ರಸ್ತೆಗಳಿಗೆ ಎಂಟು, ಊರುಗಳ ಬೀದಿಗಳಿಗೆ ಇಪ್ಪತ್ತು. ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥದ್ದು ಎನ್ನಿ. ಸುಮಾರು 90,000 ಮೈಲಿ ರಸ್ತೆ ಈ ಕೌಂಟಿಗಳ ಹೊಣೆ. ಕೆಂಪು ಡೀಸೆಲ್ ಸುಟ್ಟ ಲಾರಿಯಿಂದ ಯಾರ ಪಾಲಿಗೆ ಖೋತಾ ಎಂಬುದನ್ನು ಪೈಸೆ ಲೆಕ್ಕದಲ್ಲಿ ಹೇಳಬಹುದು.

ಇಷ್ಟಾದರೂ ಅಯೋವಾದ ಸೇತುವೆಗಳು ಸುಖವಾಗಿಲ್ಲ. ‘ಕಳಪೆ’ ಎಂದು ಗುರುತಿಸಿದ ಸೇತುವೆಗಳ ಸಂಖ್ಯೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಇಡೀ ಅಮೆರಿಕಕ್ಕೆ ಅಯೋವಾವೇ ಮೊದಲು; ನಾಲ್ಕು ಸಾವಿರಕ್ಕೂ ಮೇಲೆ. ಹಾಗಾದರೆ ಹಣ ಎಲ್ಲಿ ಸೋರುತ್ತಿದೆ?

ಇಲ್ಲಿ ಕಳ್ಳರನ್ನು ದೂರಿ ಪ್ರಯೋಜನವಿಲ್ಲ. ಕೇಂದ್ರದ 24.4 ಸೆಂಟ್ ದರ ನಿಗದಿಯಾದದ್ದು 1993ರಲ್ಲಿ. ಮೂರು ದಶಕ ದಾಟಿದರೂ ಅದು ಏರಲಿಲ್ಲ. ಡಾಂಬರಿನ ಬೆಲೆ, ಸಿಮೆಂಟಿನ ಬೆಲೆ, ಕೂಲಿ ಏರುತ್ತಲೇ ಬಂದವು. ವಾಹನಗಳು ಕಡಿಮೆ ಎಣ್ಣೆಯಲ್ಲಿ ಹೆಚ್ಚು ದೂರ ಓಡತೊಡಗಿದವು. ಬ್ಯಾಟರಿ ಕಾರುಗಳಂತೂ ಡೀಸೆಲ್ಲನ್ನೂ ಪೆಟ್ರೋಲನ್ನೂ ಮುಟ್ಟುವುದೇ ಇಲ್ಲ. ಹೆದ್ದಾರಿ ನಿಧಿ ಬರಿದಾಗುತ್ತಾ ಬಂದು, 2008ರಿಂದ 2021ರವರೆಗೆ ಅಲ್ಲಿಯ ಸಂಸತ್ತು ಸಾಮಾನ್ಯ ಬೊಕ್ಕಸದಿಂದ ಸುಮಾರು 27,500 ಕೋಟಿ ಡಾಲರ್ ತುಂಬಿಕೊಡಬೇಕಾಯಿತು. ರಸ್ತೆ ಬಳಸಿದವರೇ ಕೊಡಲಿ ಎಂಬ 1956ರ ಮಾತು ಅಷ್ಟರ ಮಟ್ಟಿಗೆ ಸಡಿಲವಾಯಿತು. ಅಯೋವಾ ಕೂಡ 1989ರ ನಂತರ ತನ್ನ ತೆರಿಗೆಯನ್ನು ಗಟ್ಟಿಯಾಗಿ ಏರಿಸಿದ್ದು 2015ರಲ್ಲಿ, ಹತ್ತು ಸೆಂಟ್. ಬಣ್ಣ ಕಳವನ್ನು ಹಿಡಿಯಬಲ್ಲದು. ತೆರಿಗೆ ಏರಿಸಿದರೆ ಮತ ಹೋದೀತೆಂಬ ಅಂಜಿಕೆಗೆ ಯಾವ ಬಣ್ಣ ಹಾಕುವುದು?

ನಮ್ಮ ನೀಲಿ ಎಣ್ಣೆ

ತಂದೆತಾಯಂದಿರಿಗೆ ಈ ಹೊತ್ತಿಗೆ ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ನೆನಪಾಗಿರಬೇಕು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ತರುತ್ತಿದ್ದ ಆ ಎಣ್ಣೆ ನೀಲಿಯಾಗಿತ್ತಲ್ಲವೆ? ಸಬ್ಸಿಡಿಯ ಸೀಮೆಎಣ್ಣೆಯನ್ನು ಗುರುತಿಸಲು ಹಾಕಿದ ಬಣ್ಣ ಅದು. ಬಡವರ ಒಲೆಗೆಂದು ಕಡಿಮೆ ಬೆಲೆಗೆ ಕೊಟ್ಟದ್ದು ಡೀಸೆಲ್ಲಿನಲ್ಲಿ ಬೆರೆತು ಲಾರಿಗಳ ಹೊಟ್ಟೆ ಸೇರುತ್ತಿತ್ತು. ಬೆಲೆಯಲ್ಲಿ ಅಂತರವಿರುವ ಎರಡು ಎಣ್ಣೆಗಳು ಒಂದರಂತೆ ಒಂದು ಉರಿಯುವಾಗ, ಯಾವ ದೇಶದಲ್ಲಾದರೂ ಇದೇ ಕಥೆ.

ನಮ್ಮಲ್ಲಿ ಆ ಕಥೆಗೆ ರಕ್ತದ ಕಲೆಯೂ ಇದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋಗಿದ್ದರು. ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು ಇಪ್ಪತ್ತೇಳು. ಎಣ್ಣೆಯ ಮಾದರಿ ತೆಗೆದು ಪರೀಕ್ಷಿಸುವುದು ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಧೈರ್ಯ ಬೇಡುವ ಕೆಲಸ ಎಂಬುದಕ್ಕೆ ಅವರ ಹೆಸರು ಸಾಕು.

ನಮ್ಮ ರೈತನ ಟ್ರ್ಯಾಕ್ಟರಿಗೂ ಕಬ್ಬಿನ ಲಾರಿಗೂ ಬಂಕಿನಲ್ಲಿ ಒಂದೇ ಡೀಸೆಲ್, ಒಂದೇ ತೆರಿಗೆ. ಅದರಲ್ಲಿ ರಸ್ತೆಗಳಿಗೆಂದು ವಸೂಲಾಗುವ ಸೆಸ್ ಕೂಡ ಸೇರಿದೆ. 2000ದಲ್ಲಿ ಅದಕ್ಕಾಗಿಯೇ ಕೇಂದ್ರ ರಸ್ತೆ ನಿಧಿಯ ಕಾಯ್ದೆ ಬಂತು. ಗದ್ದೆ ದಾಟದ ಟ್ರ್ಯಾಕ್ಟರೂ ಹೆದ್ದಾರಿಗೆ ಕಾಣಿಕೆ ಕೊಡುತ್ತದೆ. ಕರ್ನಾಟಕ ಸರ್ಕಾರ 2022-23ರ ಬಜೆಟ್ಟಿನಲ್ಲಿ ‘ರೈತ ಶಕ್ತಿ’ ಎಂಬ ಯೋಜನೆ ಘೋಷಿಸಿ, ಎಕರೆಗೆ 250 ರೂಪಾಯಿಯಂತೆ ಐದು ಎಕರೆಯವರೆಗೆ ಡೀಸೆಲ್ ಸಹಾಯಧನವನ್ನು ರೈತರ ಖಾತೆಗೇ ಹಾಕುವ ದಾರಿ ಹಿಡಿಯಿತು. ಎಣ್ಣೆಯನ್ನು ಅಗ್ಗ ಮಾಡಿದರೆ ಅದು ಯಾರ ಟ್ಯಾಂಕಿಗಾದರೂ ಹರಿದೀತು. ಖಾತೆಗೆ ಹಾಕಿದ ಹಣ ಹಾಗೆ ಹರಿಯುವುದಿಲ್ಲ. ಮಲ್ಪೆ, ಮಂಗಳೂರಿನ ಮೀನುಗಾರಿಕೆ ದೋಣಿಗಳಿಗೆ ಮಾತ್ರ ಮಾರಾಟ ತೆರಿಗೆಯ ವಿನಾಯಿತಿ ಇರುವ ಡೀಸೆಲ್ಲನ್ನು ಮಿತಿ ಹಾಕಿ ಕೊಡುವ ಕ್ರಮ ಬಹುಕಾಲದಿಂದ ಇದೆ. ಕಡಲಲ್ಲಿ ರಸ್ತೆ ಇಲ್ಲವಲ್ಲ!

ಹೊಸ ತರಗತಿಗಳು ಶುರುವಾದ ಮೇಲೆ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಕೆಲಸ ಕೊಟ್ಟಿದ್ದೇನೆ. ಓದುಗರಾದ ನೀವೂ ಮಾಡಬಹುದು. ನಿಮ್ಮ ಮನೆಯ ಅಥವಾ ಪರಿಚಯದವರ ವಾಹನ ತಿಂಗಳಿಗೆ ಎಷ್ಟು ಲೀಟರ್ ಇಂಧನ ಕುಡಿಯುತ್ತದೆ ಎಂದು ಬರೆದುಕೊಳ್ಳಿ. ಬಂಕಿನ ದರದಲ್ಲಿ ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಹೋಗುತ್ತದೆಂದು ಹುಡುಕಿ ಗುಣಿಸಿ. ಆಮೇಲೆ ಅಪ್ಪ ಅಮ್ಮನನ್ನು ಕರೆದುಕೊಂಡು ಗ್ರಾಮ ಪಂಚಾಯಿತಿಗೋ ಪುರಸಭೆಗೋ ಹೋಗಿ, ಮನೆಯ ಮುಂದಿನ ರಸ್ತೆ ಯಾವ ವರ್ಷ, ಯಾವ ಯೋಜನೆಯಲ್ಲಿ, ಎಷ್ಟು ಖರ್ಚಿನಲ್ಲಿ ಆಯಿತು ಎಂದು ಕೇಳಿ. ಎರಡು ಅಂಕಿಗಳನ್ನೂ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬರೆದಿಡಿ.